ಬ್ರಾಂದಿ ಅಂಗಡಿಯ ಲೆಕ್ಕ

ಕಳೆದ ವಾರ ನಮ್ಮ ಅಕ್ಕನ ಮಗ ಫೋನ್ ಮಾಡಿ, ತಾನೂ ಒಬ್ಬರ ಜೊತೆ ಪಾಲುದಾರನಾಗಿ ವೈನ್ ಶಾಪ್ ನೋಡಿಕೊಳ್ಳಲು ಹೊರಟಿರುವುದಾಗಿ ಹೇಳಿದ. ಒಂದೆರಡು ತಿಂಗಳು ನಮ್ಮ ಅಂಗಡಿಯಲ್ಲಿ ಕೂತು ಕೆಲಸ ಕಲಿ ಎಂದೆ. "ಇದರಲ್ಲಿ ಕಲಿಯೋದು ಏನಿದೆ ಮಾವ? ಷಟರ್ ಎತ್ತಿದರೆ ಜನ ತಾವಾಗೇ ಬರ್ತಾರೆ" ಎಂದು ನಕ್ಕ. ಜನ ತಾವಾಗಿಯೇ ಬರುತ್ತಾರೆ ಎಂಬುದು ನಿಜವೇ. 2008ರಿಂದ ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಸಿಎಲ್-2 (ಚಿಲ್ಲರೆ ಮದ್ಯ ಮಾರುವ ಸನ್ನದು) ಅಂಗಡಿಯ ಗಲ್ಲಾದಲ್ಲಿ ಕೂತಿರುವ ನಾನು ಗಿರಾಕಿಯನ್ನು ಕೂಗಿ ಕರೆದದ್ದಿಲ್ಲ, ಒಂದು ಜಾಹೀರಾತು ಕೊಟ್ಟದ್ದೂ ಇಲ್ಲ. ಆದರೆ ಇದೇ ಅವಧಿಯಲ್ಲಿ ನಮ್ಮ ಸುತ್ತಮುತ್ತ ಮೂರು ಅಂಗಡಿಗಳು, ಎದುರಿಗೆ ಸದಾ ಜನ ನಿಂತಿದ್ದರೂ, ನಷ್ಟವಾಗಿ ಕೈ ಬದಲಾಯಿಸಿದ್ದನ್ನು ನೋಡಿದ್ದೇನೆ. ಹುಡುಗನಿಗೆ ಫೋನಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಈ ವ್ಯಾಪಾರದಲ್ಲಿ ಕೊಳ್ಳುವ ದರವೂ ನಮ್ಮ ಕೈಯಲ್ಲಿಲ್ಲ, ಮಾರುವ ದರವೂ ನಮ್ಮ ಕೈಯಲ್ಲಿಲ್ಲ. 2003ರಲ್ಲಿ ಕರ್ನಾಟಕ ರಾಜ್ಯ ಪಾನೀಯ ನಿಗಮ ಬಂದಮೇಲೆ ರಾಜ್ಯದ ಸಗಟು ಮಾರಾಟವೆಲ್ಲ ಅದರ ಡಿಪೋಗಳ ಮೂಲಕವೇ ನಡೆಯುತ್ತದೆ. ಮುಂಗಡವಾಗಿ ಹಣ ಕಟ್ಟಿ ಇಂಡೆಂಟ್ (ಬೇಕಾದ ಮಾಲಿನ ಬೇಡಿಕೆ ಪಟ್ಟಿ) ಹಾಕಬೇಕು, ಡಿಪೋದಿಂದ ಮಾಲು ಬರಬೇಕು, ಬಂದ ಬಾಟಲಿಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ಕಿರಾಣಿ ಅಂಗಡಿಯವರಿಗೆ ಸಗಟು ವ್ಯಾಪಾರಿಯೊಡನೆ ಚೌಕಾಸಿ ಮಾಡಲು, ಹದಿನೈದು ದಿನ ಉದ್ರಿ ತರಲು ಅವಕಾಶವಿದೆ, ನಮಗೆ ಅದಿಲ್ಲ. ನಡುವೆ ನಮಗೆ ಉಳಿಯುವುದು ನೂರಕ್ಕೆ ಹತ್ತರ ಆಸುಪಾಸು, ಅದರಲ್ಲಿ ಬಾಡಿಗೆ, ಸಂಬಳ, ಕರೆಂಟು, ಸನ್ನದು ಶುಲ್ಕ ಎಲ್ಲ ಹೋಗಬೇಕು. ನೂರು ರೂಪಾಯಿ ಅಸಲಿನ ಒಂದು ಬಾಟಲಿ ಕೈ ಜಾರಿ ಒಡೆದರೆ ಆ ನೂರನ್ನು ಮರಳಿ ಪಡೆಯಲು ಅಂಥವೇ ಹತ್ತು ಬಾಟಲಿಗಳನ್ನು ಮಾರಬೇಕು ಎಂದು ಹೊಸ ಹುಡುಗರಿಗೆ ನಾನು ಮೊದಲ ದಿನವೇ ಹೇಳುತ್ತೇನೆ. ನಾನು ಶುರು ಮಾಡಿದ ವರ್ಷ ಪೆಟ್ಟಿಗೆಗಳನ್ನು ಬರಿ ನೆಲದ ಮೇಲೆ ಪೇರಿಸಿದ್ದೆ. ಮಳೆಗಾಲದ ತೇವಕ್ಕೆ ರಟ್ಟು ಮೆತ್ತಗಾಗಿ, ಎತ್ತಿದ ಕೂಡಲೇ ತಳ ಕಳಚಿಕೊಂಡು ಒಂದೇ ಬಾರಿಗೆ ಇಪ್ಪತ್ತೆರಡು ಕ್ವಾರ್ಟರ್ (180 ಮಿ.ಲೀ.) ಬಾಟಲಿ ಹೋದವು. ಆ ಸಂಜೆಯೇ ಮರದ ಹಲಗೆ ತರಿಸಿದೆ. ಟೆಟ್ರಾ ಪ್ಯಾಕ್ ಬಂದಮೇಲೆ ಒಡೆಯುವ ಭಯ ತಪ್ಪಿತು ಎಂದುಕೊಂಡರೆ ಇಲಿಗಳ ಕಾಟ ಶುರುವಾಯಿತು. ಇಲಿ ಕುಡಿಯುತ್ತದೆಯೋ ಇಲ್ಲವೋ ನಾನು ನೋಡಿಲ್ಲ, ಪ್ಯಾಕಿನ ಮೂಲೆಯನ್ನಂತೂ ಚೆನ್ನಾಗಿ ಕಡಿಯುತ್ತದೆ.

ಹೀಗಿರುವಾಗ ಯಜಮಾನನ ಜಾಣತನಕ್ಕೆ ಉಳಿಯುವ ಜಾಗ ಎಂದರೆ ಇಂಡೆಂಟ್. ಯಾವ ಮಾಲು, ಎಷ್ಟು ಪೆಟ್ಟಿಗೆ, ಯಾವ ವಾರ ಎಂಬುದನ್ನು ನಿರ್ಧರಿಸುವ ಆ ಅರ್ಧ ಗಂಟೆಯಲ್ಲಿಯೇ ತಿಂಗಳ ಲಾಭವೋ ನಷ್ಟವೋ ತೀರ್ಮಾನವಾಗಿರುತ್ತದೆ. ಒಂದು ಪೆಟ್ಟಿಗೆಗೆ ಫುಲ್ (750 ಮಿ.ಲೀ.) ಬಾಟಲಿಯಾದರೆ 12, ಹಾಫ್ (375 ಮಿ.ಲೀ.) ಆದರೆ 24, ಕ್ವಾರ್ಟರ್ ಆದರೆ 48, ನೈಂಟಿ (90 ಮಿ.ಲೀ.) ಆದರೆ 96. ಹೊಸಬರಿಗೆ ಕಪಾಟಿನ ಮೇಲೆ ದುಬಾರಿ ಸ್ಕಾಚ್ ಸಾಲಾಗಿ ನಿಂತಿರಬೇಕೆಂಬ ಆಸೆ ಇರುತ್ತದೆ, ನನಗೂ ಇತ್ತು. ಮೂರು ಸಾವಿರ ರೂಪಾಯಿಯ ಹನ್ನೆರಡು ಬಾಟಲಿ ತಂದರೆ 36,000 ರೂಪಾಯಿ ಒಂದೇ ಪೆಟ್ಟಿಗೆಯಲ್ಲಿ ಕೂತಂತೆ. ನಮ್ಮಂಥ ಊರಿನಲ್ಲಿ ಅದು ಖಾಲಿಯಾಗಲು ಆರು ತಿಂಗಳು ಹಿಡಿದರೆ, ಸಿಗುವ 3,600 ರೂಪಾಯಿ ಆರು ತಿಂಗಳ ಗಳಿಕೆ. ಅದೇ ಹಣವನ್ನು ಓಡುವ ಕ್ವಾರ್ಟರಿಗೆ ಹಾಕಿದರೆ ಅಷ್ಟೇ ಗಳಿಕೆ ಒಂದು ವಾರದಲ್ಲಿ ಬಂದು, ಅಸಲು ಮುಂದಿನ ಇಂಡೆಂಟಿಗೆ ಸಿದ್ಧವಾಗಿರುತ್ತದೆ. ದುಬಾರಿ ಮಾಲು ಇಡಲೇಬಾರದು ಎಂದು ಇದರ ಅರ್ಥವಲ್ಲ. ಮದುವೆ ಸೀಸನ್ನಿನಲ್ಲಿ, ಊರಿಗೆ ಬೆಂಗಳೂರಿನವರು ಬರುವ ಹಬ್ಬದ ವಾರದಲ್ಲಿ ಅದು ಬೇಕು. ಆದರೆ ಪೆಟ್ಟಿಗೆ ಲೆಕ್ಕದಲ್ಲಿ ಅಲ್ಲ, ಬಾಟಲಿ ಲೆಕ್ಕದಲ್ಲಿ. 2024ರ ಆಗಸ್ಟ್ ಕೊನೆಯಲ್ಲಿ ಸರ್ಕಾರ ಸುಂಕದ ಸ್ಲ್ಯಾಬ್‌ಗಳನ್ನು (ಬೆಲೆಗೆ ತಕ್ಕ ಸುಂಕದ ಹಂತಗಳನ್ನು) ಬದಲಾಯಿಸಿ ದುಬಾರಿ ಮದ್ಯದ ಬೆಲೆ ಇಳಿಸಿತಲ್ಲ, ಆಗ ಹಳೆಯ ಎಂಆರ್‌ಪಿಯ ಬಾಟಲಿಗಳನ್ನು ರಾಶಿ ಹಾಕಿಕೊಂಡಿದ್ದವರು ತಲೆಯ ಮೇಲೆ ಕೈ ಹೊತ್ತು ಕೂತರು. ಪಕ್ಕದ ಅಂಗಡಿಯಲ್ಲಿ ಕಡಿಮೆಗೆ ಸಿಗುವುದನ್ನು ಹೆಚ್ಚು ಕೊಟ್ಟು ಯಾರು ಒಯ್ಯುತ್ತಾರೆ? ಬೆಲೆ ಇಳಿಯುವ ಸುದ್ದಿ ಅದಕ್ಕೂ ಮೊದಲೇ ಹರಿದಾಡುತ್ತಿದ್ದುದರಿಂದ ನಾನು ಆ ಇಂಡೆಂಟನ್ನು ನಿಲ್ಲಿಸಿದ್ದೆ. ಪತ್ರಿಕೆಯ ಬಜೆಟ್ ಪುಟವನ್ನು ಕ್ರಿಕೆಟ್ ಪುಟಕ್ಕಿಂತ ಮೊದಲು ಓದುವ ಅಭ್ಯಾಸ ಈ ಕಸುಬು ಕಲಿಸಿದ್ದು.

ಇಂಡೆಂಟ್ ಹಾಕುವಾಗ ಕಂಪ್ಯೂಟರಿನ ಪಕ್ಕದಲ್ಲಿ ಪಂಚಾಂಗವೂ ಇರಬೇಕು ಎಂದರೆ ಅಕ್ಕನ ಮಗ ನಗುತ್ತಾನೆ. ಯುಗಾದಿಯ ದಿನ ನಮ್ಮಲ್ಲಿ ಗಿರಾಕಿ ಕಡಿಮೆ, ಮರುದಿನ ಹೊಸತೊಡಕಿಗೆ ಬೆಳಗ್ಗೆ ಹತ್ತಕ್ಕೇ ಸಾಲು ನಿಂತಿರುತ್ತದೆ. ಶ್ರಾವಣದ ಸೋಮವಾರ, ಶನಿವಾರಗಳಲ್ಲಿ ವ್ಯಾಪಾರ ಇಳಿಯುತ್ತದೆ. ಕಾರ್ತಿಕದಿಂದ ಸಂಕ್ರಾಂತಿಯವರೆಗೆ ಅಯ್ಯಪ್ಪನ ಮಾಲೆ ಹಾಕಿದವರು ನಮ್ಮ ರಸ್ತೆಯನ್ನೇ ಬಳಸುವುದಿಲ್ಲ. ಕೊಬ್ಬರಿಗೆ ಒಳ್ಳೆಯ ದರ ಬಂದ ವಾರ ಕ್ವಾರ್ಟರ್ ಕೇಳುವವರು ಹಾಫ್ ಕೇಳುತ್ತಾರೆ, ದರ ಬಿದ್ದಾಗ ಅದೇ ಜನ ನೈಂಟಿಗೆ ಇಳಿಯುತ್ತಾರೆ. ಮಹಾಲಯ ಅಮಾವಾಸ್ಯೆಯದಂತೂ ಬೇರೆಯೇ ಲೆಕ್ಕ. ಹಿರಿಯರಿಗೆ ಎಡೆ ಇಡುವಾಗ ಅವರು ಇಷ್ಟಪಡುತ್ತಿದ್ದುದನ್ನೆಲ್ಲ ಇಡುವ ಪದ್ಧತಿ ನಮ್ಮ ಕಡೆಯ ಅನೇಕ ಮನೆಗಳಲ್ಲಿದೆ. ಕೆಲವು ವರ್ಷಗಳ ಹಿಂದೆ ಆ ದಿನ ಒಬ್ಬ ಹಿರಿಯರು ಬಂದು ಒಂದು ಹಳೆಯ ರಮ್ಮಿನ ಹೆಸರು ಹೇಳಿದರು. ಅದಿಲ್ಲ, ಬೇರೆ ಕೊಡಲೇ ಎಂದು ನಮ್ಮ ಹುಡುಗ ಕೇಳಿದ. "ನನಗಾಗಿದ್ರೆ ಯಾವುದಾದ್ರೂ ಆಗ್ತಿತ್ತಪ್ಪ, ಇದು ನಮ್ಮಪ್ಪನಿಗೆ" ಎಂದು ಹೇಳಿ ಅವರು ಬರಿಗೈಯಲ್ಲಿ ಹೋದರು. ಅಂದಿನಿಂದ ಭಾದ್ರಪದದಲ್ಲಿ, ವರ್ಷವಿಡೀ ಯಾರೂ ಕೇಳದ ಮೂರು ನಾಲ್ಕು ಹಳೆಯ ಬ್ರಾಂಡುಗಳನ್ನು ಒಂದೊಂದು ಪೆಟ್ಟಿಗೆ ತರಿಸುತ್ತೇನೆ, ಅಮಾವಾಸ್ಯೆಯ ಮಧ್ಯಾಹ್ನಕ್ಕೆ ಅವು ಖಾಲಿಯಾಗಿರುತ್ತವೆ.

ಪಂಚಾಂಗ ಕೈಕೊಡುವುದೂ ಉಂಟು. ವಿಸ್ಕಿ, ಬ್ರಾಂದಿ, ರಮ್ ಮುಚ್ಚಳ ತೆರೆಯದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ, ಬಿಯರ್ ಹಾಗಲ್ಲ. ಅದಕ್ಕಿರುವುದು ಸಾಮಾನ್ಯವಾಗಿ ಆರು ತಿಂಗಳ ಆಯುಷ್ಯ, ಬಿಸಿಲು ತಾಗಿದರೆ ಅದಕ್ಕಿಂತ ಮೊದಲೇ ವಾಸನೆ ಬರುತ್ತದೆ. ಒಂದು ಏಪ್ರಿಲ್‌ನಲ್ಲಿ ಸೆಕೆ ಏರುತ್ತಿದ್ದುದನ್ನು ಕಂಡು ನಾನು ಹಿಂದೆಮುಂದೆ ನೋಡದೆ 120 ಪೆಟ್ಟಿಗೆ ಬಿಯರ್ ಇಳಿಸಿಕೊಂಡೆ. ಎರಡನೆಯ ವಾರಕ್ಕೆ ಮಳೆ ಹಿಡಿದುಕೊಂಡು ಸಂಜೆಗಳು ತಣ್ಣಗಾದವು. ಇಷ್ಟೇ ಆಗಿದ್ದರೆ ಹೇಗೋ ಮಾರಿ ಮುಗಿಸಬಹುದಿತ್ತು. ಆದರೆ ಮುಂದೆ ಬಂದ ಹೊಸ ಪೆಟ್ಟಿಗೆಗಳನ್ನು ಹುಡುಗರು ಹಳೆಯದರ ಮುಂದೆಯೇ ಪೇರಿಸುತ್ತ ಹೋಗಿ, ಮುಂದಿನದನ್ನು ಮಾರಿ ಹಿಂದಿನದನ್ನು ಮರೆತರು. ದಸರಾ ಹೊತ್ತಿಗೆ ಗೋದಾಮು ಗುಡಿಸಲು ಹೋದಾಗ ಗೋಡೆಗೆ ಒತ್ತಿಕೊಂಡು 31 ಪೆಟ್ಟಿಗೆ ಅವಧಿ ಮೀರಿ ಕೂತಿದ್ದವು. ತಪ್ಪು ಹುಡುಗರದಲ್ಲ, ನನ್ನದು. ಪೆಟ್ಟಿಗೆಯ ಮೇಲೆ ತಾರೀಖನ್ನು ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯಿಸಿ, ಹಳೆಯದನ್ನು ಎಳೆದು ಮುಂದಿಟ್ಟ ಮೇಲೆಯೇ ಹೊಸದನ್ನು ಒಳಗಿಡಬೇಕೆಂಬ ನಿಯಮ ಆ ನಂತರ ಬಂದದ್ದು.

ಇನ್ನು ಕೌಂಟರಿನ ಮಾತು. ಎಂಆರ್‌ಪಿಗಿಂತ ಐದೋ ಹತ್ತೋ ಹೆಚ್ಚು ತೆಗೆದುಕೊಳ್ಳುವ ಅಂಗಡಿಗಳ ಬಗ್ಗೆ ಗಿರಾಕಿಗಳಿಗೆ ಸಿಟ್ಟಿದೆ, ಆ ಸಿಟ್ಟು ನ್ಯಾಯವಾದದ್ದೇ. ಯಜಮಾನನೇ ಹೇಳಿ ತೆಗೆಸುವ ಅಂಗಡಿಗಳಿವೆ. ಯಜಮಾನನಿಗೆ ತಿಳಿಯದೆ ನಡೆಯುವುದು ಅದಕ್ಕಿಂತ ಹೆಚ್ಚು. ದಿನಕ್ಕೆ ನೂರು ಜನರಿಂದ ಐದೈದು ರೂಪಾಯಿ ಎಂದರೆ ಐನೂರು, ತಿಂಗಳಿಗೆ 15,000. ಅರೆಹೊಟ್ಟೆ ಸಂಬಳ ಕೊಟ್ಟು, ಹನ್ನೆರಡು ತಾಸು ನಿಲ್ಲಿಸಿ, ಪ್ರಾಮಾಣಿಕನಾಗಿರು ಎಂದರೆ ಯಾವ ಹುಡುಗ ಕೇಳುತ್ತಾನೆ? ನಾನು ಸುತ್ತಲಿನವರಿಗಿಂತ ಹೆಚ್ಚು ಸಂಬಳ ಕೊಡುತ್ತೇನೆ, ವಾರಕ್ಕೊಂದು ದಿನ ರಜೆ ಕೊಡುತ್ತೇನೆ, ನೌಕರನಾಮೆ (ಕೌಂಟರಿನಲ್ಲಿ ಕೆಲಸ ಮಾಡಲು ಅಬಕಾರಿ ಇಲಾಖೆಯ ಅನುಮತಿ) ಮಾಡಿಸದೆ ಯಾರನ್ನೂ ಕೌಂಟರಿನಲ್ಲಿ ನಿಲ್ಲಿಸುವುದಿಲ್ಲ. ಅದರ ಜೊತೆಗೆ ಪ್ರತಿ ಮಾರಾಟಕ್ಕೂ ಬಿಲ್ಲು, ಕಣ್ಣಿಗೆ ಕಾಣುವ ದರಪಟ್ಟಿ, ಮತ್ತು ರಾತ್ರಿ ಷಟರ್ ಎಳೆದ ಮೇಲೆ ದಾಸ್ತಾನಿನ ಎಣಿಕೆ. ಬೆಳಗಿನ ದಾಸ್ತಾನಿಗೆ ಬಂದ ಮಾಲು ಕೂಡಿಸಿ, ಮಾರಿದ್ದು ಕಳೆದು, ಉಳಿದದ್ದು ಕಪಾಟಿನಲ್ಲಿ ಇದೆಯೇ ಎಂದು ನೋಡಲು ಮುಕ್ಕಾಲು ಗಂಟೆ ಸಾಕು. ಒಂದು ಕ್ವಾರ್ಟರ್ ಕಡಿಮೆ ಬಂದ ರಾತ್ರಿಯೇ ಅದು ಎಲ್ಲಿ ಹೋಯಿತೆಂದು ತಿಳಿಯುತ್ತದೆ, ತಿಂಗಳ ಕೊನೆಗೆ ಎಣಿಸಿದರೆ ಜಗಳವಷ್ಟೇ ಸಿಗುತ್ತದೆ. 2023ರ ಜುಲೈನಲ್ಲಿ ಹೆಚ್ಚುವರಿ ಅಬಕಾರಿ ಸುಂಕವನ್ನು ಎಲ್ಲ 18 ಸ್ಲ್ಯಾಬ್‌ಗಳ ಮೇಲೂ ಶೇ 20ರಷ್ಟು ಏರಿಸಿದಾಗ ಒಂದೇ ಬ್ರಾಂಡಿನ ಹಳೆಯ ದರದ ಪ್ಯಾಕೂ ಹೊಸ ದರದ ಪ್ಯಾಕೂ ಒಂದೇ ಕಪಾಟಿನಲ್ಲಿ ಕೂತಿದ್ದವು. ಹಳೆಯದನ್ನು ಹೊಸ ದರಕ್ಕೆ ಕೊಟ್ಟರೆ ಯಾರಿಗೆ ತಿಳಿಯುತ್ತದೆ ಎಂಬ ಆಸೆ ಹುಟ್ಟುವುದು ಅಲ್ಲಿಯೇ. ಹಳೆಯದನ್ನು ಪೂರ್ತಿ ಮಾರಿ ಮುಗಿಸುವವರೆಗೆ ನಾವು ಹೊಸ ಪೆಟ್ಟಿಗೆಗಳನ್ನು ಬಿಚ್ಚಲಿಲ್ಲ. ದಿನಾಲೂ ಬರುವವನಿಗೆ ಪ್ಯಾಕಿನ ಮೇಲಿನ ದರ ತನ್ನ ಫೋನ್ ನಂಬರಿಗಿಂತ ಚೆನ್ನಾಗಿ ನೆನಪಿರುತ್ತದೆ.

ಮಾರುವುದನ್ನು ಯಾರಾದರೂ ಒಂದು ವಾರದಲ್ಲಿ ಕಲಿಯಬಹುದು, ಇಲ್ಲ ಎನ್ನುವುದನ್ನು ಕಲಿಯಲು ವರ್ಷಗಳು ಬೇಕು. ಇಪ್ಪತ್ತೊಂದು ತುಂಬದವರಿಗೆ ಮಾರಬಾರದು ಎಂಬ ಬೋರ್ಡು ನಮ್ಮ ಕಂಬಿಗೇ ತೂಗಿದೆ. 2023ರ ಜನವರಿಯಲ್ಲಿ ಅದನ್ನು ಹದಿನೆಂಟಕ್ಕೆ ಇಳಿಸುವ ಕರಡು ಬಂದು, ವಿರೋಧದಿಂದ ವಾಪಸಾದದ್ದು ನೆನಪಿರಬಹುದು. ಕಾಲೇಜು ಬ್ಯಾಗು ಹಾಕಿಕೊಂಡು ಬಂದವನು ಅಪ್ಪನಿಗೆ ಎಂದೇ ಹೇಳುತ್ತಾನೆ, ಹಾಗಾದರೆ ಅಪ್ಪನನ್ನೇ ಕಳಿಸು ಎನ್ನುತ್ತೇವೆ. ಇದು ಸುಲಭ. ಕಷ್ಟವಾದದ್ದು ಪೆಟ್ಟಿಗೆಗಟ್ಟಲೆ ಕೇಳುವವನಿಗೆ ಇಲ್ಲ ಎನ್ನುವುದು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಗಿ ನಿಂತಮೇಲೆ ಹಳ್ಳಿಗಳ ಬಾಯಾರಿಕೆಯೇನೂ ನಿಲ್ಲಲಿಲ್ಲ. ಮರುವರ್ಷ ಮೇ ತಿಂಗಳಿನಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆಯ ಕೃಷ್ಣಗಿರಿಯ ಕಡೆ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ನಾನು ಈ ಕೆಲಸಕ್ಕೆ ಬಂದದ್ದು ಆ ವರ್ಷವೇ ಆದ್ದರಿಂದ ಅದು ಮರೆಯುವಂಥದ್ದಲ್ಲ. ಈಗ ಹಳ್ಳಿಯ ಬೀಡಿ ಅಂಗಡಿಯಲ್ಲಿ, ಚಹಾ ಗೂಡಂಗಡಿಯಲ್ಲಿ ಕದ್ದು ಮಾರುವ ಬೆಲ್ಟ್ ಶಾಪುಗಳಿಗೆ ನಮ್ಮಂಥ ಅಂಗಡಿಗಳಿಂದಲೇ ಪ್ಯಾಕು ಹೋಗುತ್ತದೆ. ಒಬ್ಬನಿಗೇ ಐದು ಪೆಟ್ಟಿಗೆ ಕೊಟ್ಟರೆ ಐವತ್ತು ಜನರ ಎದುರು ನಿಂತು ಚಿಲ್ಲರೆ ಹುಡುಕುವ ತಾಪತ್ರಯವಿಲ್ಲ. ಆದರೆ ಅವನು ಸಿಕ್ಕಿಬಿದ್ದ ದಿನ ಪ್ಯಾಕಿನ ಬ್ಯಾಚ್ ಸಂಖ್ಯೆ ನಮ್ಮ ಹೆಸರು ಹೇಳುತ್ತದೆ, ಹೋಗುವುದು ನಮ್ಮ ಸನ್ನದು. 2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಕಡೆ ಏಪ್ರಿಲ್ 26ಕ್ಕೆ ಮತದಾನವಿತ್ತು. ಮತದಾನ ಮುಗಿಯುವುದಕ್ಕೆ ಮುಂಚಿನ 48 ಗಂಟೆ ಅಂಗಡಿ ಮುಚ್ಚಬೇಕಾದ್ದರಿಂದ ಹಿಂದಿನ ಎರಡು ದಿನ ಕೌಂಟರಿನ ಮುಂದೆ ಹೊಸ ಹೊಸ ಮುಖಗಳು, ಖಾಲಿ ಗೂಡ್ಸ್ ಆಟೋಗಳು. ಒಬ್ಬನಿಗೆ ಇಷ್ಟೇ ಎಂದು ಅಳತೆ ಹಾಕಿ ಕೊಟ್ಟೆವು. ಬೈಸಿಕೊಂಡೆವು, ಗಲ್ಲಾದಲ್ಲಿ ಲಕ್ಷದ ಮೇಲೆ ಕಡಿಮೆಯಾಯಿತು. ಅದೇನು ನಷ್ಟವೆಂದು ನನಗೆ ಇಂದಿಗೂ ಅನ್ನಿಸಿಲ್ಲ.

ನೆರೆಹೊರೆಯ ವಿಷಯವೂ ಇದಕ್ಕೇ ಸೇರಿದ್ದು. ಸಿಎಲ್-2 ಎಂದರೆ ಕಟ್ಟಿಕೊಂಡು ಹೋಗುವ ಅಂಗಡಿ, ಅಲ್ಲಿಯೇ ನಿಂತು ಕುಡಿಯುವಂತಿಲ್ಲ. ಆದರೆ ಪಕ್ಕದಲ್ಲಿ ನೀರಿನ ಪ್ಯಾಕೆಟ್, ಪ್ಲಾಸ್ಟಿಕ್ ಲೋಟ, ಕಡಲೆಬೀಜ ಮಾರುವ ಒಂದು ಡಬ್ಬಿ ಅಂಗಡಿ ತಲೆಯೆತ್ತಿತೋ, ಮರುದಿನದಿಂದ ಚರಂಡಿಯ ಕಟ್ಟೆಯೇ ಬಾರ್. ಆಮೇಲೆ ಆ ರಸ್ತೆಯಲ್ಲಿ ಹೆಣ್ಣುಮಕ್ಕಳು ಓಡಾಡಲು ಹಿಂಜರಿಯುತ್ತಾರೆ, ಅರ್ಜಿ ಬೀಳುತ್ತದೆ, ಧರಣಿ ಕೂರುತ್ತಾರೆ, ಅವರು ಹೇಳುವುದು ಸರಿಯಾಗಿಯೇ ಇರುತ್ತದೆ. ನಾನು ಲೋಟ ಮಾರುವುದಿಲ್ಲ, ಮಾರಲು ಬಂದವರಿಗೆ ಮುಂದಿನ ಜಾಗ ಕೊಟ್ಟಿಲ್ಲ, ಬೆಳಗ್ಗೆ ಎರಡೂ ಬದಿಯ ಐವತ್ತು ಹೆಜ್ಜೆಯನ್ನು ನಮ್ಮ ಹುಡುಗರೇ ಗುಡಿಸುತ್ತಾರೆ.

ಕೊನೆಯದಾಗಿ, ನನಗೆ ಇನ್ನೂ ಬಗೆಹರಿಯದ ಒಂದು ವಿಷಯವನ್ನು ಅಕ್ಕನ ಮಗನಿಗೆ ಹೇಳಿಯೇ ಬಿಡಬೇಕು. ಹತ್ತು ಗಂಟೆಗೆ ಷಟರ್ ಎತ್ತುವ ಮೊದಲೇ ಬಂದು ನಿಲ್ಲುವ ನಾಲ್ಕೈದು ಜನರಿರುತ್ತಾರೆ. ಪತ್ರಿಕೆಯವರು ಎಲ್ಲರನ್ನೂ ಸೇರಿಸಿ ಮದ್ಯಪ್ರಿಯರು ಎಂದು ಬರೆಯುತ್ತಾರಾದರೂ, ನೋಟು ಹಿಡಿದ ಇವರ ಕೈಯ ನಡುಕ ನೋಡಿದರೆ ಅಲ್ಲಿ ಪ್ರಿಯವಾದದ್ದೇನೂ ಕಾಣುವುದಿಲ್ಲ. ಅಂಥ ಒಬ್ಬ ಗಾರೆ ಕೆಲಸದವನ ಹೆಂಡತಿ ಎರಡು ವರ್ಷದ ಹಿಂದೆ ಬಂದು, "ಅಣ್ಣ, ಅವರಿಗೆ ಕೊಡಬ್ಯಾಡಿ" ಎಂದು ಕೇಳಿಕೊಂಡಳು. ಹುಡುಗರಿಗೆ ಹೇಳಿದೆ, ಕೊಡಲಿಲ್ಲ. ಮೂರು ದಿನ ಅವನು ಬೈದುಕೊಂಡು ಹೋದ, ನಾಲ್ಕನೆಯ ದಿನದಿಂದ ಬರಲಿಲ್ಲ. ಒಳ್ಳೆಯದಾಯಿತು ಎಂದುಕೊಂಡೆ. ಹದಿನೈದು ದಿನ ಬಿಟ್ಟು ಅವಳೇ ಮತ್ತೆ ಬಂದಳು. ಊರಿನ ಬೆಲ್ಟ್ ಶಾಪಿನಲ್ಲಿ ಅದೇ ಪ್ಯಾಕಿಗೆ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟು, ಉದ್ರಿಯಲ್ಲಿ ಕುಡಿಯುತ್ತಿದ್ದಾನಂತೆ, ಲೆಕ್ಕ ಎರಡು ಸಾವಿರ ದಾಟಿದೆಯಂತೆ. "ನಿಮ್ಮಲ್ಲೇ ಕೊಡಿ ಅಣ್ಣ, ಸಾಲ ಮಾತ್ರ ಕೊಡಬ್ಯಾಡಿ" ಎಂದಳು. ನಮ್ಮಲ್ಲಿ ಉದ್ರಿ ಎಂಬುದು ಮೊದಲಿನಿಂದಲೂ ಇಲ್ಲ. ಮರುದಿನ ಬೆಳಗ್ಗೆ ಹತ್ತಕ್ಕೆ ಅವನು ಬಂದು ನಿಂತ, ಹುಡುಗ ನನ್ನ ಮುಖ ನೋಡಿದ, ನಾನು ಕೊಡು ಎಂದೆ.