ಬೆಂದ ಕಾಳಿನ ಕತೆ

ನಮ್ಮ ಮನೆಗೆ ಊರಿಂದ ಯಾರೇ ಬರಲಿ, ನಾನು ಒಂದು ಕತೆ ಹೇಳುತ್ತಿದ್ದೆ. ಹೊಯ್ಸಳರ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ್ದು, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದು, ರಾಜ ಆ ಜಾಗಕ್ಕೆ ಬೆಂದಕಾಳೂರು ಅಂತ ಹೆಸರಿಟ್ಟದ್ದು, ಅದೇ ಸವೆದು ಬೆಂಗಳೂರಾದದ್ದು. ಮೂವತ್ತು ವರ್ಷ ಹೇಳಿದ್ದೇನೆ. ಹೇಳ್ತಾ ಹೇಳ್ತಾ ಅಜ್ಜಿಯ ಗುಡಿಸಲು, ಒಲೆಯ ಹೊಗೆ ಎಲ್ಲ ಸೇರಿಕೊಂಡವು. ರಾಜನ ಕುದುರೆಗೂ ಒಂದು ಬೊಗಸೆ ಕಾಳು ಸಿಕ್ಕಿತು. ಅದು ಪೂರ್ತಿ ನನ್ನದೇ ಸೇರ್ಪಡೆ.

ಹೋದ ಡಿಸೆಂಬರಿನಲ್ಲಿ ಅಣ್ಣನ ಮಗಳು ಬಂದಿದ್ದಳು. ಎಲ್ಲರೂ ಕೂತು ಅವರೆಕಾಯಿ ಸುಲಿಯುತ್ತಿದ್ದೆವು. ಕಾಳು ಕಣ್ಣೆದುರಿಗೇ ಇತ್ತಲ್ಲ, ಕತೆ ಶುರುವಾಯಿತು. ಅವಳು ಕುದುರೆಯವರೆಗೂ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಚಿಕ್ಕಪ್ಪ, ಬೇಗೂರಿನ ಕಲ್ಲು ನೋಡಿದ್ದೀರಾ?" ಅಂದಳು.

ನೋಡಿರಲಿಲ್ಲ. ಹೊಸೂರು ರಸ್ತೆಯಿಂದ ಒಳಗೆ ಹೋದರೆ ಸಿಗುವ ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ ಗಂಗರ ಕಾಲದ ಒಂದು ಶಾಸನವಿದೆಯಂತೆ. ಸುಮಾರು ಕ್ರಿ.ಶ. 900ರದ್ದು. ಬೆಂಗಳೂರಿನ ಕಾಳೆಗದಲ್ಲಿ ಸತ್ತವರ ಮಾತು ಅದರಲ್ಲಿದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಅಂದರೆ ಅಜ್ಜಿ ಒಲೆ ಹಚ್ಚುವುದಕ್ಕೆ ಇನ್ನೂರೈವತ್ತು ವರ್ಷಕ್ಕೂ ಮುಂಚೆಯೇ ಈ ಊರಿಗೆ ಹೆಸರಿತ್ತು, ಜಗಳವೂ ಇತ್ತು.

ನನಗೆ ಮೊದಲು ಬಂದದ್ದು ಸಿಟ್ಟು. "ಕಲ್ಲಲ್ಲಿ ಕೆತ್ತಿದ್ದೆಲ್ಲ ನಿಜಾನಾ?" ಅಂತ ಕೇಳಿದೆ. ಬಾಯಲ್ಲಿ ಹೇಳಿದ್ದನ್ನು ಮೂವತ್ತು ವರ್ಷ ನಂಬಿದವನ ಪ್ರಶ್ನೆ ಇದು! ನನ್ನ ಹೆಂಡತಿ ತಲೆ ತಗ್ಗಿಸಿ ಜೋರಾಗಿ ಅವರೆಕಾಯಿ ಸುಲಿದಳು.

ಭಾನುವಾರ ಹೋಗಿ ಕಲ್ಲು ನೋಡಿಕೊಂಡು ಬಂದೆ. ಒಂದಕ್ಷರವೂ ಓದಲಾಗಲಿಲ್ಲ. ನನ್ನದೇ ಭಾಷೆ, ನನ್ನದೇ ಊರಿನ ಹೆಸರು, ಆದರೂ ಎದುರಿಗೆ ಅನಕ್ಷರಸ್ಥನ ಹಾಗೆ ನಿಂತಿದ್ದೆ. ನೂರು ವರ್ಷಕ್ಕೂ ಹಿಂದೆಯೇ ವಿದ್ವಾಂಸರು ಓದಿ, ಅಚ್ಚು ಹಾಕಿಸಿಟ್ಟಿದ್ದಾರೆ. ಸುದ್ದಿ ನಮ್ಮ ಬಡಾವಣೆಗೆ ಬರೋದು ಸ್ವಲ್ಪ ತಡವಾಯಿತು, ಅಷ್ಟೇ.

ಇಲ್ಲಿಗೆ ನಾನು ತಿದ್ದಿಕೊಂಡೆ ಅಂತ ನೀವು ಅಂದುಕೊಂಡರೆ ತಪ್ಪು. ಎಲ್ಲೋ ಓದಿದ ನೆನಪಾಯಿತು: ಬೆಂಗಾವಲಿನವರಿದ್ದ ಊರು, ಅದಕ್ಕೇ ಬೆಂಗಳೂರು. ಸರಿ, ಕ್ಷೌರದಂಗಡಿಯಲ್ಲಿ, ಹಾಲಿನ ಬೂತಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಅದನ್ನೇ ಸಾರಿದೆ. ಅಜ್ಜಿಯ ಕತೆ ನಂಬಿದವರನ್ನು ಕಂಡರೆ ಅಯ್ಯೋ ಪಾಪ ಅನ್ನಿಸುತ್ತಿತ್ತು. ಹಳೇ ಬಾಡಿಗೆಯವರು ಖಾಲಿ ಮಾಡಿದ ಸಂಜೆಗೇ ಹೊಸಬರಿಗೆ ಬೀಗದ ಕೈ ಕೊಟ್ಟಿದ್ದೆ. ಅದೂ ಅಡ್ವಾನ್ಸ್ ಇಲ್ಲದೆ, ಬೆಂಗಳೂರಿನಲ್ಲಿ!

ವಾಕಿಂಗ್‌ನಲ್ಲಿ ಸಿಗುವ ರಿಟೈರ್ಡ್ ಮೇಷ್ಟ್ರೊಬ್ಬರು ಎಲ್ಲ ಕೇಳಿ, "ಬೇಂಗೆ ಮರದಿಂದ ಬಂತು ಅಂತಲೂ ಹೇಳ್ತಾರೆ. ಬೆಣಚುಕಲ್ಲಿನಿಂದ ಅನ್ನೋರೂ ಇದ್ದಾರೆ" ಅಂದರು. "ಹಾಗಾದರೆ ಯಾವುದು ಸರಿ ಸಾರ್?" "ಗೊತ್ತಿಲ್ಲಪ್ಪ" ಅಂದು ಆರಾಮಾಗಿ ಮುಂದಕ್ಕೆ ನಡೆದರು.

ಆ ಆರಾಮು ನನಗೆಲ್ಲಿಂದ ಬರಬೇಕು? ಈ ಊರಲ್ಲಿ ಅಡ್ರೆಸ್ ಕೇಳಿ ನೋಡಿ. ಗೊತ್ತಿಲ್ಲ ಅನ್ನೋರು ಕಡಿಮೆ. "ಹೀಗೇ ಸೀದಾ ಹೋಗಿ ಸಾರ್" ಅನ್ನೋರೇ ಜಾಸ್ತಿ. ನಾನೂ ಅವರಲ್ಲೊಬ್ಬ, ಕೈ ಬೇರೆ ಚಾಚಿ ತೋರಿಸುತ್ತೇನೆ. ನಿಘಂಟಿನ ಜಿ. ವೆಂಕಟಸುಬ್ಬಯ್ಯನವರು 107 ವರ್ಷ ಬದುಕಿದರು. ನೂರು ದಾಟಿದ ಮೇಲೂ ಪದಗಳ ಬೆನ್ನು ಬಿಟ್ಟಿರಲಿಲ್ಲ. ನಾನೋ, ಐವತ್ತೆಂಟಕ್ಕೇ ಒಂದು ಪದವನ್ನು ಎರಡು ಸಲ ಮುಗಿಸಿ ಕೈತೊಳೆದುಕೊಂಡಿದ್ದೆ.

ಮೊನ್ನೆ ಹುಬ್ಬಳ್ಳಿಯಿಂದ ಗೆಳೆಯನ ಸಂಸಾರ ಬಂದಿತ್ತು. ಊರಿನ ಹೆಸರಿನ ಮಾತು ಬಂತು. ಈ ಸಲ ಹುಷಾರಾಗಿದ್ದೆ. ಹೆಸರು ತುಂಬ ಹಳೇದು, ಕಲ್ಲಿದೆ, ಯಾಕೆ ಬಂತೋ ಗೊತ್ತಿಲ್ಲ ಅಂದೆ. ಹೇಳಿದ ಮೇಲೆ ಬಾಯಿ ಒಂಥರಾ ಸಪ್ಪೆಯಾಯಿತು. ಗೆಳೆಯನೂ ಸಪ್ಪಗಾದ. ಅವನ ಪುಟ್ಟ ಮಗಳು ಮಾತ್ರ ಬಿಡಲಿಲ್ಲ.

"ಅಂಕಲ್, ಅಜ್ಜಿ ಕೊಟ್ಟಿದ್ದು ಯಾವ ಕಾಳು?"

"ಹುರುಳಿಕಾಳು" ಅಂದೆ. "ಕುದುರೆಗೂ ಆಗಬೇಕಲ್ಲ!"