ಲೋಮು ವಿಶ್ವಕಪ್ ಗೆದ್ದಿದ್ದರಾ? ಸತ್ಯಾಂಶ ಇಲ್ಲಿದೆ

‘ಕಿಡ್ನಿ ಕಸಿ ಮಾಡಿಸಿಕೊಂಡು ಬಂದು, ನ್ಯೂಜಿಲೆಂಡ್‌ಗೆ ರಗ್ಬಿ ವಿಶ್ವಕಪ್ ಗೆದ್ದುಕೊಟ್ಟ ಜೋನಾ ಲೋಮು’ ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಇದು ನಿಜವಲ್ಲ. ಲೋಮು ಒಮ್ಮೆಯೂ ವಿಶ್ವಕಪ್ ಗೆದ್ದಿಲ್ಲ.

ಮೆಸೇಜ್ ಜೊತೆ ಬರುವ ವಿಡಿಯೊ ಮಾತ್ರ ಅಸಲಿ. ಅದು 1995ರ ಸೆಮಿಫೈನಲ್, ಕೇಪ್‌ಟೌನ್. ಚೆಂಡು ಹಿಡಿದು ಲೋಮು ಓಡುತ್ತಾರೆ, ಒಂದು ಕ್ಷಣ ಮುಗ್ಗರಿಸುತ್ತಾರೆ. ಗೆರೆ ಹತ್ತಿರ ಇಂಗ್ಲೆಂಡಿನ ಮೈಕ್ ಕ್ಯಾಟ್ ಅಡ್ಡ ನಿಂತಿದ್ದಾರೆ. ಲೋಮು ಪಕ್ಕಕ್ಕೆ ಸರಿಯುವುದೇ ಇಲ್ಲ, ಅವರ ಮೇಲೆಯೇ ಹಾದು ಹೋಗುತ್ತಾರೆ! ಆ ದಿನ ಅವರದು ನಾಲ್ಕು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಅಂಕ ಗಳಿಸುವುದು), ವಯಸ್ಸು ಬರೀ 20. ಆದರೆ ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾ 15-12ರಿಂದ ಗೆದ್ದಿತು. 1999ರಲ್ಲಿ ಸೆಮಿಫೈನಲ್‌ನಲ್ಲೇ ಫ್ರಾನ್ಸ್ ಎದುರು ಸೋಲು.

ಕಸಿ ನಡೆದಿದ್ದು 2004ರಲ್ಲಿ. ಲೋಮು ಕೊನೆಯ ಟೆಸ್ಟ್ (ರಗ್ಬಿಯಲ್ಲಿ ದೇಶದ ತಂಡಕ್ಕೆ ಆಡುವ ಅಂತರರಾಷ್ಟ್ರೀಯ ಪಂದ್ಯ) ಆಡಿದ್ದು 2002ರಲ್ಲಿ. ಕಸಿಯಾದ ಮೇಲೆ ಕಾರ್ಡಿಫ್ ಬ್ಲೂಸ್ ಕ್ಲಬ್‌ಗೆ ಆಡಿದರು, ರಾಷ್ಟ್ರೀಯ ತಂಡಕ್ಕೆ ಮತ್ತೆ ಬರಲಾಗಲಿಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ನಿಜವಾದ ಕಥೆ ಇದಕ್ಕಿಂತ ದೊಡ್ಡದು, ಅಲ್ವಾ? ಕಿಡ್ನಿ ಕಾಯಿಲೆ ಪತ್ತೆಯಾಗಿದ್ದು 1995ರ ಕೊನೆಗೆ. ಮೂತ್ರದಲ್ಲಿ ಪ್ರೋಟೀನ್ ಸೋರಿ ಹೋಗಿ, ಮೈ ಊದಿಕೊಂಡು, ಸುಸ್ತು ಹಿಂಡುವ ಕಾಯಿಲೆ ಅದು. ಅದನ್ನು ಇಟ್ಟುಕೊಂಡೇ 1999ರ ವಿಶ್ವಕಪ್‌ನಲ್ಲಿ ಎಂಟು ಟ್ರೈ ಹೊಡೆದರು. ಒಟ್ಟು 63 ಟೆಸ್ಟ್, 37 ಟ್ರೈ. 2015ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ ಬರೀ 40 ವರ್ಷ.