ಕೈಗೆ ಬಂದ ಗೇಮು ಮೂಗಿಗೆ ಬಿತ್ತು

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್ ತಗೊಳ್ಳಲಾ ಬೇಡ್ವಾ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳೋದು ಒಂದೇ. ನೀವು ಕೂತು ಆಡುವವರಾ, ಮಲಗಿ ಆಡುವವರಾ? ಕೂತು ಆಡುವವರಾದರೆ ಧೈರ್ಯವಾಗಿ ತಗೊಳ್ಳಿ. ಮಲಗಿ ಆಡುವವರಾದರೆ ಮೊದಲು ತೂಕ ನೋಡಿ. 2017ರ ನಿಂಟೆಂಡೋ ಸ್ವಿಚ್ ಎರಡು ಬದಿಯ ಕಂಟ್ರೋಲರ್ ಸೇರಿ ಸುಮಾರು 400 ಗ್ರಾಂ. 2022ರ ಸ್ಟೀಮ್ ಡೆಕ್ ಸುಮಾರು 670 ಗ್ರಾಂ. ಅಂಗಡಿಯಲ್ಲಿ ಹಿಡಿದು ನೋಡುವಾಗ ಈ ವ್ಯತ್ಯಾಸ ಲೆಕ್ಕಕ್ಕೇ ಬರೋದಿಲ್ಲ. ರಾತ್ರಿ ಅಂಗಾತ ಮಲಗಿ, ಕಣ್ಣು ತೂಗಿ, ಕೈ ಸಡಿಲವಾಗಿ ಅದು ಮೂಗಿನ ಮೇಲೆ ಬಿದ್ದಾಗ ಒಂದೊಂದು ಗ್ರಾಮೂ ಹಾಜರಿ ಹಾಕುತ್ತದೆ. ಬೆಳಿಗ್ಗೆ ಆಫೀಸಿನಲ್ಲಿ "ಮೂಗಿಗೇನಾಯ್ತು?" ಅಂತ ಕೇಳಿದರೆ "ಡ್ರ್ಯಾಗನ್ ಜೊತೆ ಜಗಳ" ಅಂದರಾಯ್ತು. ಪೂರ್ತಿ ಸುಳ್ಳೇನೂ ಅಲ್ಲ.

ಸುಖವೇ ಇಲ್ಲ ಅಂತಲ್ಲ. ಟೀವಿ ರಿಮೋಟಿಗಾಗಿ ಯಾರ ಮುಂದೂ ಹಲ್ಲು ಗಿಂಜಬೇಕಿಲ್ಲ. ಆಟದ ಮಧ್ಯೆ ಒಂದು ಗುಂಡಿ ಒತ್ತಿದರೆ ಎಲ್ಲ ಇದ್ದಲ್ಲೇ ನಿಲ್ಲುತ್ತದೆ. ಮತ್ತೆ ಒತ್ತಿದರೆ ಎತ್ತಿದ ಕತ್ತಿ ಎತ್ತಿದಂತೆಯೇ ಇರುತ್ತದೆ. ಕಷ್ಟ ಏನಪ್ಪಾ ಅಂದರೆ, ಈ ಗುಟ್ಟು ನನ್ನ ಹೆಂಡತಿಗೂ ಗೊತ್ತಾಗಿದೆ. ಟೀವಿಗೆ ಹಾಕಿ ಆಡುವ ಕಾಲದಲ್ಲಿ "ಇರು, ಸೇವ್ ಮಾಡೋ ಜಾಗ ಬಂದಿಲ್ಲ" ಅಂತ ಅರ್ಧ ಗಂಟೆ ದಬ್ಬಬಹುದಿತ್ತು. ಈಗ "ರೀ, ಆ ಮೇಲಿನ ಗುಂಡಿ ಒತ್ತಿ. ಅದು ಎಲ್ಲೂ ಓಡಿಹೋಗಲ್ಲ. ಬಟ್ಟೆ ಒಣಗಿಸಿ ಬನ್ನಿ" ಅಂತಾಳೆ. ಈ ಗುಂಡಿ ಕಂಡುಹಿಡಿದವನಿಗೆ ಮದುವೆ ಆಗಿರಲಿಕ್ಕಿಲ್ಲ.

ಇನ್ನು ಬ್ಯಾಟರಿ. ಇದು ಹಳೇ ರೋಗ. 1989ರ ಗೇಮ್ ಬಾಯ್‌ಗೆ ನಾಲ್ಕು ಸೆಲ್ ಹಾಕಿದರೆ ಹತ್ತು ಗಂಟೆಗೂ ಮೇಲೆ ಓಡುತ್ತಿತ್ತು. ಆದರೆ ಪರದೆ ಹಸಿರು ಹಸಿರು, ಒಳಗೆ ದೀಪವೂ ಇಲ್ಲ. ಮರುವರ್ಷ ಸೆಗಾದವರು ಬಣ್ಣದ ಪರದೆಗೆ ದೀಪ ಹಾಕಿ ಗೇಮ್ ಗೇರ್ ತಂದರು. ಅದು ಆರು ಸೆಲ್ ನುಂಗಿ ಮೂರರಿಂದ ಐದು ಗಂಟೆಯಲ್ಲಿ ಕಣ್ಣು ಮುಚ್ಚುತ್ತಿತ್ತು. ಈಗ ಸೆಲ್ ಕಾಟ ಇಲ್ಲ, ಫೋನಿನ ಚಾರ್ಜರೇ ಸಾಕು. ಅದೇ ತಪ್ಪಾಗಿದ್ದು. ಮನೆಯಲ್ಲಿ ಯಾರ ಫೋನ್ ಸಾಯುತ್ತಿದ್ದರೂ ಮೊದಲು ಕೀಳೋದು ನನ್ನದನ್ನೇ. "ಅದು ಆಟದ್ದು ತಾನೇ?" ಅಂತ ಸಮಜಾಯಿಷಿ ಬೇರೆ. ಅವರು ಫೋನಿನಲ್ಲಿ ಮಾಡೋದೂ ಕ್ಯಾಂಡಿ ಒಡೆಯೋ ಕೆಲಸವೇ. ಅದನ್ನು ಯಾರೂ ಕೇಳುವ ಹಾಗಿಲ್ಲ.

ಸ್ವಿಚ್‌ನ ಗೇಮ್ ಕಾರ್ಡು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮಕ್ಕಳು ನುಂಗಬಾರದು ಅಂತ ಅದಕ್ಕೆ ಡೆನಟೋನಿಯಂ ಬೆಂಜೋಯೇಟ್ ಅನ್ನುವ ಭಯಂಕರ ಕಹಿ ಬಳಿದಿರುತ್ತಾರೆ. ವಿಷ ಅಲ್ಲ, ಕಹಿ ಅಷ್ಟೇ. ಅಕ್ಕನ ಮಗ ಮನೆಗೆ ಬಂದಾಗ ಎಚ್ಚರಿಕೆಗಿರಲಿ ಅಂತ ಇದನ್ನು ಹೇಳಿದೆ. ಅವನು ತಕ್ಷಣ ನಾಲಿಗೆ ತುದಿಗೆ ತಾಗಿಸಿ "ಥೂ" ಅಂತ ಬಚ್ಚಲಿಗೆ ಓಡಿದ. "ಅಷ್ಟೊಂದಾ? ಕೊಡು ಇಲ್ಲಿ" ಅಂತ ಭಾವ ತಗೊಂಡರು. ಭಾವನ ಮುಖ ನೋಡಿದ ಮೇಲಾದರೂ ವಿಷಯ ಮುಗಿಯಬೇಕಿತ್ತು, ಅಲ್ವಾ? ನಮ್ಮ ಮಾವನವರು ಕನ್ನಡಕ ಹಾಕಿಕೊಂಡು ಕಾರ್ಡನ್ನು ಹಿಂದೆ ಮುಂದೆ ನೋಡಿ, ನಿಧಾನವಾಗಿ ನೆಕ್ಕಿದರು. "ಏನೂ ಇಲ್ಲಪ್ಪ, ನಿಮ್ಮ ತಲೆಮಾರಿಗೆ ನಾಲಿಗೆ ಸೂಕ್ಷ್ಮ" ಅಂತ ಇನ್ನೊಮ್ಮೆ ನೆಕ್ಕಿದರು. ಆಮೇಲೆ ಮಾತು ನಿಂತಿತು. ಬಚ್ಚಲ ಬಾಗಿಲ ಮುಂದೆ ಮೂವರ ಸಾಲು. ಆ ಕಾರ್ಡನ್ನು ಒರೆಸಿ ಹಾಕಿದೆ, ಪುಣ್ಯಕ್ಕೆ ಓಡಿತು.

ಹೀರೋನನ್ನು ನಡೆಸೋಕೆ ಹೆಬ್ಬೆರಳಲ್ಲಿ ತಳ್ಳುವ ಸ್ಟಿಕ್ ಸವೆಯೋದು ಇನ್ನೊಂದು ಗೋಳು. ಯಾರೂ ಮುಟ್ಟದಿದ್ದರೂ ನಮ್ಮ ಹೀರೋ ತಾನಾಗಿ ನಡೆದುಹೋಗಿ ಬಾವಿಗೆ ಬೀಳುತ್ತಾನೆ. ಅದನ್ನು ಹೆಚ್ಚು ಬೆಳೆಸೋದು ಬೇಡ, ಬೇಜಾರಾಗುತ್ತದೆ.

ಪ್ರಯಾಣಕ್ಕೆ ಮಾತ್ರ ಇದರಷ್ಟು ಒಳ್ಳೆಯ ಜೊತೆ ಇಲ್ಲ ಅಂತಾರೆ. ಈ ಸಂತತಿ ಹುಟ್ಟಿದ್ದೇ ರೈಲಿನಲ್ಲಂತೆ. ನಿಂಟೆಂಡೋದಲ್ಲಿ ಆಟ ತಯಾರಿಸುತ್ತಿದ್ದ ಜಪಾನಿನ ಗುನ್‌ಪೇ ಯೊಕೊಯ್ ಅನ್ನುವವರು, ರೈಲಿನಲ್ಲಿ ಒಬ್ಬ ಮನುಷ್ಯ ಬೇಜಾರಿಗೆ ಕ್ಯಾಲ್ಕುಲೇಟರ್ ಒತ್ತುತ್ತಾ ಕೂತಿದ್ದನ್ನು ನೋಡಿ, ಯಾರಿಗೂ ಕಾಣದ ಹಾಗೆ ಆಡುವ ಪುಟ್ಟ ಆಟ ಮಾಡಬೇಕು ಅಂದುಕೊಂಡರು ಅನ್ನುವ ಕತೆ ಇದೆ. 1980ರಲ್ಲಿ ಗೇಮ್ ಆಂಡ್ ವಾಚ್ ಅನ್ನುವ ಆ ಪುಟ್ಟ ಆಟ ಬಂತು. ಯಾರಿಗೂ ಕಾಣದ ಹಾಗೆ! ಈಗಿನ ಏಳು ಇಂಚಿನ ಪರದೆ ಬೋಗಿಗೆಲ್ಲ ಕಾಣುತ್ತದೆ. ಪಕ್ಕದ ಸೀಟಿನ ಹುಡುಗಿ ಮೊದಲು ಇಣುಕಿದಳು. "ಅಂಕಲ್, ಪೆಟ್ಟಿಗೆ ಬಿಟ್ಬಿಟ್ರಿ." ಅವಳ ಅಮ್ಮ "ಸುಮ್ನಿರೇ, ಅವರಿಗೆ ತೊಂದರೆ ಕೊಡ್ಬೇಡ" ಅಂತ ಗದರಿದರು. ಸ್ವಲ್ಪ ಹೊತ್ತಿಗೆ ಅವರೇ ಮುಂದಕ್ಕೆ ಬಾಗಿ, "ಎಡಗಡೆ ಒಂದು ಬಾಗಿಲಿದೆ ನೋಡಿ" ಅಂದರು. ಬಲಗಡೆ ಹೋಗೋಣ ಅಂತಿದ್ದೆ. ಇಷ್ಟು ಜನ ಹೇಳುವಾಗ ಹೇಗೆ ಇಲ್ಲ ಅನ್ನೋದು? ಎಡಗಡೆಯ ಬಾಗಿಲು ತೆಗೆದೆ. ಒಳಗೆ ರಾಕ್ಷಸ ಕಾಯುತ್ತಿದ್ದ. ಆಡಿದ್ದು ಮೂವರು, ಸತ್ತಿದ್ದು ನಾನೊಬ್ಬನೇ.